ಕಪ್ಯಾರನ ಹರಾಜು

ನಮ್ಮ ಮನೆಯ ಹುಂಜಕ್ಕೆ ಕಪ್ಯಾರ್ ಎಂದು ಹೆಸರಿಟ್ಟವನು ನನ್ನ ಅಣ್ಣ ಉಲಹನ್ನಾನ್. ಚರ್ಚಿನಲ್ಲಿ ಬೆಳಗಿನ ಗಂಟೆ ಹೊಡೆದು ಊರನ್ನೆಲ್ಲ ಎಬ್ಬಿಸುವವನು ಕಪ್ಯಾರ್. ನಮ್ಮ ಹುಂಜ ಆ ಕಪ್ಯಾರನನ್ನೇ ಎಬ್ಬಿಸುತ್ತಿತ್ತು. ಈ ಸುದ್ದಿ ನಿಜವಾದ ಕಪ್ಯಾರನ ಕಿವಿಗೆ ಬಿದ್ದು, ಒಂದು ಭಾನುವಾರ ಪೂಜೆ ಮುಗಿದ ಮೇಲೆ ಅವನು ನಮ್ಮನ್ನು ಚರ್ಚಿನ ಮೆಟ್ಟಿಲಲ್ಲೇ ತಡೆದ.

"ಏನು ಉಲಹನ್ನಾನ್ ಚೇಟಾ, ನನ್ನ ಕೆಲಸಕ್ಕೆ ಕೋಳಿ ಇಟ್ಕೊಂಡಿದ್ದೀರಂತೆ?"

"ಹೌದು ಕಣೋ. ಅದು ಸಂಬಳ ಕೇಳಲ್ಲ, ನಿನ್ನ ಹಾಗೆ ಗಂಟೆ ಹೊಡೆಯೋದು ಮರೆತು ಮಲಗೋದೂ ಇಲ್ಲ" ಎಂದ ನಮ್ಮ ಇಚ್ಚಾಯ. ಅಣ್ಣನನ್ನು ನಾನು ಇಚ್ಚಾಯ ಅಂತಲೇ ಕರೆಯುವುದು.

ನಾನು ಕುಂಜೇಲಿ. ಗಂಡ ತೀರಿಕೊಂಡ ಮೇಲೆ ಪೆಟ್ಟಿಗೆ ಎತ್ತಿಕೊಂಡು ತವರಿಗೆ ಬಂದು ನಿಂತವಳು. ನಾನು ಕೋಳಿ ಸಾರು ತಿನ್ನುವವಳೇ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಆದರೆ ನಮ್ಮ ಹಿತ್ತಲಿನ ಕೋಳಿಯನ್ನು ನಮ್ಮ ಮನೆಯಲ್ಲಿ ಯಾರೂ ಕೊಯ್ದದ್ದಿಲ್ಲ. ಹೆಸರು ಇಟ್ಟು ಕರೆದ ಮೇಲೆ ಅದಕ್ಕೆ ಕತ್ತಿ ಹಿಡಿಯಲು ಯಾರಿಗೆ ಕೈ ಬರುತ್ತದೆ? ಸಾರಿಗೆ ಬೇಕಾದರೆ ಪೇಟೆಯ ಅಂಗಡಿಯಿಂದ ಹೆಸರಿಲ್ಲದ್ದನ್ನು ತರುತ್ತಿದ್ದೆವು.

ಮೊದಲು ಈ ಮನೆಯಲ್ಲಿ ನಾಯಿ ಇಚ್ಚಾಯನದು, ಕೋಳಿ ಚೇಡತ್ತಿಯದು ಎಂದಿತ್ತು. ಚೇಡತ್ತಿ ಎಂದರೆ ಇಚ್ಚಾಯನ ಹೆಂಡತಿ, ಶೋಶಾಮ್ಮ. ಗಲ್ಫಿಗೆ ಹೊರಟ ಒಂದು ಮನೆಯವರು ಬಿಟ್ಟುಹೋದ ಬಿಳಿ ಪಮೇರಿಯನ್ ಲಿಲ್ಲಿಯನ್ನು ಇಚ್ಚಾಯ ಚೀಲದಲ್ಲಿ ಹಾಕಿಕೊಂಡು ತಂದಿದ್ದ. ಬಂದ ತಿಂಗಳಲ್ಲೇ ಅವಳು ಟಿಂಗುವನ್ನು ಹೆತ್ತಳು. ಆಮೇಲೆ ಎಲ್ಲ ಅದಲುಬದಲಾಯಿತು. ಟಿಂಗು ಚೇಡತ್ತಿಯ ಸೆರಗು ಹಿಡಿದ. ಅವಳು ಮೀನು ಹೆಚ್ಚುವಾಗ ಪಕ್ಕದಲ್ಲಿ, ಅವಳು ಪ್ರಾರ್ಥನೆಗೆ ಮಂಡಿಯೂರಿದರೆ ಅವಳ ಕಾಲ ಮೇಲೆ. ಕಪ್ಯಾರ್ ಇಚ್ಚಾಯನ ಹಿಂದೆ ಬಿದ್ದ. ಇಚ್ಚಾಯ ರಬ್ಬರ್ ಹಾಲು ಇಳಿಸಿ ಬಂದು ಒರಗು ಕುರ್ಚಿಯಲ್ಲಿ ಕೂತರೆ ಸಾಕು, ಹುಂಜ ಕುರ್ಚಿಯ ಕೈ ಮೇಲೆ ಹಾರಿ ಕೂತು ಅವನ ತಟ್ಟೆಯಿಂದಲೇ ಅವಲಕ್ಕಿ ಹೆಕ್ಕುತ್ತಿತ್ತು.

ಲಿಲ್ಲಿಗೆ ವಯಸ್ಸಾಗಿ ಎರಡೂ ಕಣ್ಣಿಗೆ ಪೊರೆ ಬಂತು. ಹುಂಜಕ್ಕೆ ತಿನ್ನಲು ಏನಾದರೂ ಸಿಕ್ಕರೆ ಅದು ತಾನು ತಿನ್ನುವುದಿಲ್ಲ, ಕೊಕ್ ಕೊಕ್ ಕೊಕ್ ಎಂದು ಮೆಲ್ಲಗೆ ಹೇಂಟೆಗಳನ್ನು ಕರೆಯುತ್ತದೆ. ಕಪ್ಯಾರ್ ಹಾಗೆ ಕರೆದರೆ ಹೇಂಟೆಗಳ ಜೊತೆ ಲಿಲ್ಲಿಯೂ ಬರುತ್ತಿದ್ದಳು. ಬಟ್ಟಲು ಎಲ್ಲಿದೆ ಎಂದು ಅವಳಿಗೆ ತೋರಿಸುತ್ತಿದ್ದದ್ದು ಆ ಸದ್ದು. ನಾವು ಎಷ್ಟು ಹೆಸರು ಹಿಡಿದು ಕೂಗಿದರೂ ಗೋಡೆಗೆ ಮೂಗು ತಾಗಿಸಿಕೊಂಡು ನಿಲ್ಲುತ್ತಿದ್ದವಳು, ಹುಂಜ ಕರೆದರೆ ನೆಟ್ಟಗೆ ಬರುತ್ತಿದ್ದಳು.

ಇಷ್ಟು ಚೆನ್ನಾಗಿದ್ದ ಮನೆಗೆ ಕೊಳ್ಳಿ ಇಟ್ಟದ್ದು ಇಚ್ಚಾಯನ ನಾಲಿಗೆ.

ಈಸ್ಟರಿಗೆ ಮೊದಲು ಹಿಡಿಯುವ ದೊಡ್ಡ ಉಪವಾಸಕ್ಕೆ ಮುಂಚೆ ಚೇಡತ್ತಿಯ ತವರಿನಲ್ಲಿ ಒಂದು ನಿಶ್ಚಿತಾರ್ಥ. ಊಟದ ಪಂಕ್ತಿಯಲ್ಲಿ ಯಾರೋ ಕೋಳಿ ಕಾವಿಗೆ ಕೂರಿಸುವ ಮಾತು ತೆಗೆದರು. ಕೋಳಿಯಡಿ ಮೊಟ್ಟೆ ಜೋಡಿಸಿ ಇಡುವವರ ಕೈಗುಣ ಚೆನ್ನಾಗಿರಬೇಕು, ಇಲ್ಲದಿದ್ದರೆ ಮರಿ ಆಗುವುದಿಲ್ಲ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಇಚ್ಚಾಯ ಬಾಯಿ ತುಂಬ ಅನ್ನ ಇಟ್ಟುಕೊಂಡೇ, "ನಮ್ಮನೇಲಿ ಮೊಟ್ಟೆ ಇಡೋಕೆ ಕುಂಜೇಲಿನೇ ಬರ್ಬೇಕು. ಶೋಶಂಗೆ ಕೈಗುಣ ಇಲ್ಲ. ಒಂದು ಸಲ ಬುಟ್ಟಿ ತುಂಬ ಇಟ್ಟಿದ್ಲು, ಆಗಿದ್ದು ಒಂದೇ ಮರಿ!" ಎಂದು ನಕ್ಕ. ಪಂಕ್ತಿಯೂ ನಕ್ಕಿತು. ಮಕ್ಕಳಾಗದ ಹೆಂಗಸು, ತನ್ನ ತವರಿನವರೆಲ್ಲ ಕೂತ ಪಂಕ್ತಿ. ಬಡಿಸುತ್ತಿದ್ದ ಚೇಡತ್ತಿಯ ಕೈಯಲ್ಲಿ ಸೌಟು ಹಾಗೇ ನಿಂತಿತು. ಅಯ್ಯೋ, ಆ ಮನುಷ್ಯನಿಗೆ ತಾನು ಏನು ಹೇಳಿದೆ ಎಂದು ಗೊತ್ತಾಗಲೇ ಇಲ್ಲ. ಆ ಒಂದೇ ಮರಿ ಯಾರು ಅಂತೀರಿ? ಇದೇ ಕಪ್ಯಾರ್.

ಅವತ್ತಿನಿಂದ ಚೇಡತ್ತಿ ಅವನ ಜೊತೆ ಮಾತು ಬಿಟ್ಟಳು. ಅವನು ಕಾರಣ ಕೇಳಲಿಲ್ಲ. ಅವಳೇ ಮೊದಲು ಮಾತಾಡಲಿ ಎಂದು ಮೀಸೆ ತಿರುವಿಕೊಂಡು ಕೂತ. ಆದರೆ ಮನೆ ಎಂದ ಮೇಲೆ ಹೇಳುವುದು ಕೇಳುವುದು ಇದ್ದೇ ಇರುತ್ತದೆಯಲ್ಲ? ಅವಳು ನಾಯಿಗೆ ಹೇಳತೊಡಗಿದಳು, ಅವನು ಹುಂಜಕ್ಕೆ.

"ಟಿಂಗೂ, ಹೋಗಿ ಹೇಳು ನಿನ್ನ ಯಜಮಾನ್ರಿಗೆ, ಗಂಜಿ ಆರಿ ಹೋಗ್ತಿದೆ."

"ಕಪ್ಯಾರೇ, ಅವಳಿಗೆ ಹೇಳು, ಸಾರಿಗೆ ಉಪ್ಪು ಹಾಕೋದು ಮರೆತಿದ್ದಾಳೆ ಅಂತ."

"ಟಿಂಗೂ, ಉಪ್ಪು ಭರಣೀಲಿದೆ, ಅವರಿಗೂ ಎರಡು ಕೈ ಇದೆ ಅಂತ ಹೇಳು."

ಟಿಂಗು ಕಿವಿ ನೆಟ್ಟಗೆ ಮಾಡಿ ಅವಳ ಮುಖ ನೋಡಿ, ಆಮೇಲೆ ಅವನ ಮುಖ ನೋಡುತ್ತಿದ್ದ. ಮೊದಮೊದಲು ನಾನು ಅಡುಗೆಮನೆಗೆ ಓಡಿ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದೆ. ಉಪವಾಸ ಮುಗಿದು ಈಸ್ಟರ್ ಬಂದು ಹೋದರೂ ಅದೇ ರಾಗವಾದಾಗ ನಗು ಬತ್ತಿಹೋಯಿತು.

ಈಸ್ಟರ್ ಕಳೆದ ವಾರ ಮಧ್ಯಾಹ್ನ ಟಿಂಗು ರಬ್ಬರ್ ಸೌದೆಯ ರಾಶಿಗೆ ಮೂತಿ ತೂರಿಸಿ ಕಿರುಚಿಕೊಂಡ. ರಾಶಿಯಡಿಯಿಂದ ಮೋಟು ಹಾವೊಂದು ಹರಿದು ಹೋದದ್ದನ್ನು ನಾನೇ ನೋಡಿದೆ. ನೋಡುತ್ತಿದ್ದಂತೆ ಅವನ ದವಡೆ ಊದಿ ಕಣ್ಣು ಮುಚ್ಚಿತು. ಚೇಡತ್ತಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಇಚ್ಚಾಯ ಬನಿಯನ್ನಿನಲ್ಲೇ ನಾಯಿಯನ್ನು ಎತ್ತಿಕೊಂಡು ಆಟೋ ಹತ್ತಿದ, ಹಿಂದೆಯೇ ನಾನೂ ಹತ್ತಿದೆ.

ದಾರಿಯಲ್ಲಿ ಟಿಂಗುವಿನ ತಲೆ ಜೋತುಬಿತ್ತು. ಇಚ್ಚಾಯ ನನ್ನ ಕಡೆ ತಿರುಗಿ, "ಕುಂಜೇಲಿ, ಇವನು ಹೋದ್ರೆ ಅವಳು ಯಾರ ಹತ್ರ ಮಾತಾಡ್ತಾಳೆ?" ಎಂದ. ಅವನ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು. ನಮ್ಮಮ್ಮ ಸತ್ತ ದಿನವೂ ನಾನು ಅವನನ್ನು ಹಾಗೆ ಕಂಡಿರಲಿಲ್ಲ. ಆಮೇಲೆ ಆಟೋದವನಿಗೂ ಕೇಳುವ ಹಾಗೆ ಗಟ್ಟಿಯಾಗಿ ಹೇಳಿದ, "ಗೀವರ್ಗೀಸ್ ಪುಣ್ಯಾತ್ಮಾ, ಇವನನ್ನ ಉಳಿಸಿಕೊಡು. ನನ್ನ ಕಪ್ಯಾರನ್ನ ತಂದು ನಿನ್ನ ಮುಂದೆ ಬಿಡ್ತೀನಿ."

ಹಾವಿನ ಭಯಕ್ಕೆ ಗೀವರ್ಗೀಸ್ ಸಂತನಿಗೆ ಹುಂಜದ ಹರಕೆ ಹೊರುವುದು ನಮ್ಮಲ್ಲಿ ಇದ್ದದ್ದೇ. ಆದರೆ ಹರಕೆ ಹೊರುವವರನ್ನು ಕಂಡರೆ ಜೀವನವಿಡೀ ಗೇಲಿ ಮಾಡಿದ ಮನುಷ್ಯ ಅವನು. ಹಬ್ಬದ ದಿನ ಹರಕೆಯ ಹುಂಜಗಳನ್ನೆಲ್ಲ ಸಂತನ ಮುಂದೆ ಒಪ್ಪಿಸಿ, ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಹರಾಜು ಹಾಕುತ್ತಾರೆ. ಎಷ್ಟೋ ಜನ ತಾವು ಕೊಟ್ಟದ್ದನ್ನು ತಾವೇ ಕೂಗಿ ಮನೆಗೆ ತರುತ್ತಾರೆ. ಸಂತನಿಗೆ ಹಣವೂ ಸಂದಿತು, ಮನೆಗೆ ಹುಂಜವೂ ಉಳಿಯಿತು. "ಈ ಕೈಲಿ ಕೊಟ್ಟು ಆ ಕೈಲಿ ಕಿತ್ಕೊಳ್ಳೋದು! ಇದಕ್ಕೆ ಭಕ್ತಿ ಅಂತ ಹೆಸರು ಬೇರೆ" ಎಂದು ಇಚ್ಚಾಯ ಚಹಾದಂಗಡಿಯಲ್ಲಿ ಪ್ರತಿ ವರ್ಷ ಆಡಿಕೊಳ್ಳುತ್ತಿದ್ದ.

ಪೇಟೆಯ ದನದ ಡಾಕ್ಟರು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿದರು. ಟಿಂಗು ಉಳಿದ. ಮದ್ದಿನಿಂದ ಉಳಿದನೋ ಸಂತನಿಂದ ಉಳಿದನೋ, ನಾಯಿಯಂತೂ ಮನೆಗೆ ಬಂತು, ಹರಕೆಯೂ ಜೊತೆಗೇ ಬಂತು.

ಆಟೋದಲ್ಲಿ ನಡೆದದ್ದನ್ನು ಒಂದಕ್ಷರ ಬಿಡದೆ ನಾನು ಚೇಡತ್ತಿಗೆ ಹೇಳಿದೆ. ಅವಳು ಟಿಂಗುವಿನ ಬೆನ್ನು ಸವರುತ್ತ ಕೂತಳು.

"ಬೇರೆ ಹುಂಜ ಕೊಂಡು ಕೊಟ್ರಾಗಲ್ವಾ?" ಎಂದೆ.

"ಹೆಸರು ಹಿಡಿದು ಹೇಳಿದ್ಮೇಲೆ ಬದಲಾಯಿಸೋ ಹಾಗಿಲ್ಲ ಕುಂಜೇಲಿ. ಸಂತನಿಗೆ ಕಪ್ಯಾರ್ ಯಾರು ಅಂತ ಗೊತ್ತಿಲ್ವಾ?"

"ಹಾಗಾದ್ರೆ ಕೊಟ್ಟು ಆಮೇಲೆ ವಾಪಸ್ ಕೂಗೋಣ."

ಅವಳ ಕಣ್ಣು ಒಂದು ಕ್ಷಣ ಅರಳಿತು. ಅಷ್ಟರಲ್ಲಿ ಜಗುಲಿಯಿಂದ ಇಚ್ಚಾಯನ ದನಿ ಬಂತು. "ಕಪ್ಯಾರೇ, ಅವರಿಬ್ಬರಿಗೂ ಹೇಳು. ಊರೆಲ್ಲರನ್ನ ಆಡ್ಕೊಂಡು ನಕ್ಕವನು ನಾನು. ಈಗ ನಾನೇ ಹೋಗಿ ಕೂಗಿದ್ರೆ ಜನ ಮುಖಕ್ಕೆ ಉಗೀತಾರೆ. ಕೊಟ್ಟಿದ್ದು ಕೊಟ್ಟಾಯ್ತು."

ಅವನು ಸುಮ್ಮನಿದ್ದಿದ್ದರೆ ಏನು ಗಂಟು ಹೋಗುತ್ತಿತ್ತು! ಚೇಡತ್ತಿಯ ಮುಖ ಬಿಗಿಯಿತು. "ಟಿಂಗೂ, ನೀನೂ ಹೇಳು. ಅದನ್ನ ಕೂಗಿ ತರೋಕೆ ಈ ಮನೆಯಿಂದ ಯಾರೂ ಹೋಗಲ್ಲ. ನನ್ನ ಕೈಲಿ ಆಗಿದ್ದು ಒಂದೇ ಮರಿ, ಅದೂ ಹೋಗ್ಲಿ. ಆಮೇಲೆ ನಗೋಕೆ ಇನ್ನೂ ಅನುಕೂಲ ಆಗತ್ತೆ."

ತಾನು ಪಂಕ್ತಿಯಲ್ಲಿ ಆಡಿದ ಮಾತು ಎಲ್ಲಿ ಹೋಗಿ ನಾಟಿತ್ತು ಎಂದು ಇಚ್ಚಾಯನಿಗೆ ಆಗಲೇ ಹೊಳೆದಿರಬೇಕು. ಎದ್ದು ಬಂದು ಒಂದು ಮಾತು ಹೇಳಬಾರದೇ? ಇಲ್ಲ. ಟವೆಲ್ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಹೋದ.

ಮೇ ತಿಂಗಳಲ್ಲಿ ಹಬ್ಬ ಬಂತು. ಬೆಳಿಗ್ಗೆ ಇಚ್ಚಾಯ ಹುಂಜದ ಕಾಲು ತೊಳೆದು, ಜುಟ್ಟಿಗೆ ಕೊಬ್ಬರಿ ಎಣ್ಣೆ ಸವರಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಕಪ್ಯಾರ್ ಏನೋ ಮೆರವಣಿಗೆಗೆ ಹೊರಟ ಹಾಗೆ ಕತ್ತು ಎತ್ತಿ ನೋಡುತ್ತಿತ್ತು. ಲಿಲ್ಲಿ ಅದರ ಸದ್ದು ಹಿಡಿದು ಗೇಟಿನವರೆಗೆ ಹೋಗಿ ನಿಂತಳು. ಟಿಂಗು ಇನ್ನೂ ಕುಂಟುತ್ತಿದ್ದ. ನಾನು ನಾಯಿಗಳನ್ನು ನೋಡಿಕೊಂಡು ಮನೆಯಲ್ಲೇ ಉಳಿದೆ. ಚೇಡತ್ತಿ ಹೆಂಗಸರ ಜೊತೆ ಬೇರೆ ದಾರಿಯಲ್ಲಿ ಹೋದಳು.

ಹುಂಜವನ್ನು ಒಪ್ಪಿಸಿದ ತಕ್ಷಣ ಇಚ್ಚಾಯ ತಿರುಗಿ ಬಂದ. ಹರಾಜು ಶುರುವಾಗುವ ಮೊದಲೇ ಚೇಡತ್ತಿಯೂ ಬಂದಳು. ಬಂದವರಿಗೆ ಇಬ್ಬರಿಗೂ ಒಂದು ಕಡೆ ಕೂರಲಾಗದು. ಅವನು ಜಗುಲಿಗೆ ಬಂದು ಗೇಟು ನೋಡಿ ಹೋಗುತ್ತಾನೆ, ಅವಳು ಅಡುಗೆಮನೆಯ ಕಿಟಕಿಯಿಂದ ನೋಡುತ್ತಾಳೆ. ಹಿತ್ತಲಿಗೆ ಹೋದರೆ ಗೂಡಿನಲ್ಲಿ ಹೊಸ ನೀರು, ನೆನೆಸಿದ ಅಕ್ಕಿ. ಜಗುಲಿಗೆ ಬಂದರೆ ಕುರ್ಚಿಯ ಪಕ್ಕದಲ್ಲಿ ತಟ್ಟೆಯ ತುಂಬ ಅವಲಕ್ಕಿ. "ಏನು ನಿಮಗಿಬ್ಬರಿಗೂ ತಲೆ ಕೆಟ್ಟಿದೆಯಾ? ಹೋದ ಹುಂಜಕ್ಕೆ ಎಡೆ ಇಟ್ಟಿದ್ದೀರಾ?" ಎಂದು ಬೈದೆ. ದುಃಖಕ್ಕೆ ಹೀಗೆ ಮಾಡುತ್ತಿದ್ದಾರೆ ಎಂದುಕೊಂಡೆ.

ಸಂಜೆ ಚೇಡತ್ತಿಯ ತಮ್ಮ ಕುಂಚೆರಿಯ ಹಬ್ಬದ ಖರ್ಜೂರದ ಪೊಟ್ಟಣ ಹಿಡಿದು ಬಂದ. ಅವನು ಜಗುಲಿ ಹತ್ತುವುದಕ್ಕೂ ಇಚ್ಚಾಯನ ಇಸ್ಪೀಟಿನ ಜೊತೆಗಾರ ವರೀತ್ ಗೇಟು ತೆಗೆಯುವುದಕ್ಕೂ ಸರಿಹೋಯಿತು. ಇಬ್ಬರ ಕೈಯಲ್ಲೂ ಹುಂಜವಿಲ್ಲ, ಇಬ್ಬರ ಮುಖದಲ್ಲೂ ನಗು.

"ಏನಕ್ಕಾ, ಕಪ್ಯಾರ್ ಗೂಡು ಸೇರಿದನಾ?" ಎಂದ ಕುಂಚೆರಿಯ.

ಚೇಡತ್ತಿ ಒಳಗಿಂದ ಓಡಿ ಬಂದಳು. "ನೀನಲ್ವೇನೋ ತರಬೇಕಾಗಿದ್ದು?"

"ನಾನ್ಯಾಕೆ? ವರೀತ್ ಚೇಟ ಮುಂದಿನ ಸಾಲಲ್ಲೇ ನಿಂತಿದ್ರು. ಭಾವನೇ ಕಳಿಸಿದ್ದಾರೆ ಅಂತ ಗೊತ್ತಾಯ್ತು. ಒಂದೇ ಮನೆಗೋಸ್ಕರ ಇಬ್ಬರು ಎದುರೆದುರು ನಿಂತು ಬೆಲೆ ಏರಿಸೋದೇನು ಅಂತ ಸುಮ್ನಾದೆ."

ವರೀತ್ ತಲೆಗೆ ಕೈ ಹೊತ್ತುಕೊಂಡ. "ಅಯ್ಯೋ ನನ್ನ ದೇವ್ರೇ! ನಾನು ನಿನ್ನ ನೋಡಿ ಸುಮ್ನಾದ್ನಲ್ಲೋ! ಶೋಶಾಮ್ಮ ತಮ್ಮನ್ನ ಕಳಿಸಿದ್ದಾಳೆ, ಇನ್ನು ನನಗೇನು ಕೆಲಸ ಅಂದ್ಕೊಂಡೆ. ನೀನು ನಕ್ಕು ತಲೆ ಬೇರೆ ಆಡಿಸ್ದೆ!"

"ನೀವೂ ಆಡಿಸಿದ್ರಲ್ಲ!"

"ಮತ್ತೆ ತಗೊಂಡಿದ್ದು ಯಾರು?" ಎಂದು ನಾನು ಕಿರುಚಿದೆ.

"ಹೊರಗಿನವನು ಒಬ್ಬ. ಕೆಂಪು ಸ್ಕೂಟರ್. ಒಂದೇ ಸಲ ಕೂಗಿದ. ಎದುರು ಕೂಗೋರು ಯಾರೂ ಇರಲಿಲ್ಲ, ಅವನಿಗೇ ಹೋಯ್ತು" ಎಂದ ವರೀತ್.

ಇಚ್ಚಾಯ ಕುರ್ಚಿಯಿಂದ ಎದ್ದು ನಿಂತಿದ್ದ. ಇಷ್ಟು ತಿಂಗಳ ಮೇಲೆ ಮೊದಲ ಸಲ ಹೆಂಡತಿಯ ಮುಖವನ್ನೇ ನೋಡಿ ಕೇಳಿದ, "ನೀನೂ ಕಳಿಸಿದ್ಯಾ ಶೋಶಾ?"

"ನೀವೂನಾ?"

"ನಂಗೊಂದು ಮಾತು ಹೇಳಬಾರದಿತ್ತಾ?"

"ನೀವು ಹೇಳಿದ್ರಾ?"

ಟಿಂಗು ಅವರಿಬ್ಬರ ನಡುವೆ ಕೂತು, ಕಿವಿ ನೆಟ್ಟಗೆ ಮಾಡಿ, ತನಗೇನಾದರೂ ಹೇಳುತ್ತಾರೋ ಎಂದು ಇವಳ ಮುಖ ಅವನ ಮುಖ ನೋಡುತ್ತಿದ್ದ. ಸಿಟ್ಟಿಗೆ ನಾನು ಆ ಖರ್ಜೂರದ ಪೊಟ್ಟಣವನ್ನು ಕುಂಚೆರಿಯನ ಕೈಗೇ ವಾಪಸ್ ತುರುಕಿದೆ. ಪಾಪ, ಅವನ ತಪ್ಪೇನು? ಮರ್ಯಾದೆ ತೋರಿಸಿದ, ಅಷ್ಟೇ.

ಇಚ್ಚಾಯ ಆಗಲೇ ನಿಜವಾದ ಕಪ್ಯಾರನ ಮನೆಗೆ ಓಡಿದ. ಸ್ಕೂಟರಿನವನ ಮನೆ ಹೊಳೆಯಾಚೆ ಎಂದು ಕಪ್ಯಾರನಿಗೆ ಗೊತ್ತಿತ್ತು. ಅಷ್ಟು ಹೊತ್ತಿಗೆ ಕಡೆಯ ದೋಣಿ ಹೋಗಿಯಾಗಿತ್ತು. ಬೆಳಿಗ್ಗೆ ಮೊದಲ ದೋಣಿಗೆ ಗಂಡ ಹೆಂಡತಿ ಒಟ್ಟಿಗೆ ಹೊರಟರು. ಯಾವಾಗಲೂ ಹತ್ತು ಹೆಜ್ಜೆ ಮುಂದೆ ನಡೆಯುವ ಇಚ್ಚಾಯ ಅವತ್ತು ಅವಳ ಪಕ್ಕದಲ್ಲೇ ನಡೆದ. ಹುಂಜ ಸಿಗಲಿ ಬಿಡಲಿ, ಇದೊಂದಾದರೂ ಆಯಿತಲ್ಲ ಎಂದು ನಾನು ಗೇಟಿನಲ್ಲಿ ನಿಂತು ಅಂದುಕೊಂಡದ್ದು ನಿಜ. ಸಿಗುತ್ತದೆ ಎಂದು ನಂಬಿದ್ದೆ, ಅದಕ್ಕೇ ಹಾಗೆ ಅಂದುಕೊಂಡೆ.

ಊಟದ ಹೊತ್ತಿಗೆ ಬರಿಗೈಯಲ್ಲಿ ಬಂದರು. ಇಚ್ಚಾಯ ನೆಟ್ಟಗೆ ಒಳಗೆ ಹೋಗಿ ಮಲಗಿದ. ಚೇಡತ್ತಿ ನನ್ನ ಪಕ್ಕ ಅಡುಗೆಮನೆಯ ನೆಲದ ಮೇಲೆ ಕೂತಳು.

"ಬಾಣಂತಿ ಮನೆ ಕುಂಜೇಲಿ. ಆ ಸ್ಕೂಟರಿನವನ ಮಗಳು ಹೆತ್ತು ಹದಿನೈದು ದಿನ ಆಗಿಲ್ಲ. ಸಂತನ ಹುಂಜ ಬಾಣಂತಿಗೆ ಒಳ್ಳೇದು ಅಂತ ತಗೊಂಡು ಹೋಗಿದಾನೆ. ರಾತ್ರಿನೇ ಸೂಪು ಮಾಡಿ ಕೊಟ್ರಂತೆ."

"ನೀವೇನಂದ್ರಿ?"

"ಏನು ಅನ್ನೋದು? ಬಾಣಂತಿಯ ತಾಯಿ ಬಾಗಿಲು ತೆಗೆದವಳೇ, ಮಗು ನೋಡೋಕೆ ಬಂದ್ರಾ ಅಂತ ಕೇಳಿದ್ಲು. ನಿಮ್ಮಣ್ಣ ಹೂಂ ಅಂದ್ಬಿಟ್ರು. ಮಗೂನ ತಂದು ನನ್ನ ಮಡಿಲಿಗೆ ಹಾಕಿದ್ಲು. ಹುಂಜ ಬಿಡಿಸಿಕೊಳ್ಳೋಕೆ ಅಂತ ಇಟ್ಕೊಂಡಿದ್ದ ದುಡ್ಡನ್ನ ಇವರು ಮಗುವಿನ ಮುಷ್ಟಿಗೆ ಇಟ್ರು." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ದೋಣೀಲಿ ಬರ್ತಾ ಹೇಳಿದ್ರು, ಅವತ್ತು ಪಂಕ್ತೀಲಿ ಆ ಮಾತು ಆಡಬಾರದಿತ್ತು ಶೋಶಾ, ಆಡಿದ ಮೇಲೆ ಕಾಲು ಹಿಡಿದಾದ್ರೂ ಕೇಳಬೇಕಿತ್ತು ಅಂತ. ನಾನು ಕಾದಿದ್ದು ಅದೊಂದೇ ಮಾತಿಗೆ ಕಣೇ. ಬಂತು. ಆದ್ರೆ ಖುಷಿ ಪಡೋಕೆ ಆಗ್ತಿಲ್ಲ."

ನನಗೂ ಅಳು ಬಂತು. ಆ ಹುಂಜಕ್ಕೆ ಬಂತೋ, ಈ ಇಬ್ಬರು ಮೊಂಡರಿಗೆ ಬಂತೋ ಹೇಳಲಾರೆ.

ಈಗ ನಮ್ಮ ಮನೆಯಲ್ಲಿ ನೇರ ಮಾತು. ಊಟ ಬಡಿಸ್ಲಾ ಎಂದರೆ ಬಡಿಸು ಎನ್ನುತ್ತಾನೆ. ಉಪ್ಪು ಕಡಿಮೆಯಾದರೆ ಎದ್ದು ತಾನೇ ಹಾಕಿಕೊಳ್ಳುತ್ತಾನೆ. ಟಿಂಗು ಮಾತ್ರ ಇನ್ನೂ ಅಭ್ಯಾಸ ಬಿಟ್ಟಿಲ್ಲ; ಅವರು ಬಾಯಿ ತೆಗೆದರೆ ನಡುವೆ ಬಂದು ಕೂರುತ್ತಾನೆ. "ನಿಂಗೇನೂ ಇಲ್ಲ ಕಣೋ, ಹೋಗು" ಎಂದು ಇಚ್ಚಾಯ ಅವನ ತಲೆ ಸವರಿ ಕಳಿಸುತ್ತಾನೆ.

ಕಷ್ಟ ಲಿಲ್ಲಿಯದು. ಬಟ್ಟಲಿಟ್ಟು ಕೂಗಿದರೆ ಬರುವುದಿಲ್ಲ, ಎತ್ತಿ ತಂದು ಮುಂದೆ ಬಿಟ್ಟರೆ ಮೂಸಿ ಹಿಂದೆ ಸರಿಯುತ್ತಾಳೆ. ಮೊನ್ನೆ ಬೆಳಿಗ್ಗೆ ನಾನು ಪಾತ್ರೆ ತೊಳೆಯಲು ಹಿತ್ತಲ ಬಾಗಿಲು ತೆಗೆದರೆ ಇಚ್ಚಾಯ ಬಟ್ಟಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಪಂಚೆ ಮೇಲೆ ಕಟ್ಟಿ, ಆ ಮೀಸೆಯ ಮುದುಕ, ತುಟಿ ಮುಂದೆ ಮಾಡಿಕೊಂಡು "ಕೊಕ್ ಕೊಕ್ ಕೊಕ್" ಎಂದು ಕರೆಯುತ್ತಿದ್ದ.

ಲಿಲ್ಲಿ ಕಿವಿ ಎತ್ತಿದಳು. ಎರಡು ಹೆಜ್ಜೆ ಬಂದು ನಿಂತುಬಿಟ್ಟಳು.

ಚೇಡತ್ತಿ ಕಟ್ಟೆಯಿಂದ ಇಳಿದು ಬಂದು ಅವನ ಪಕ್ಕದಲ್ಲೇ ಕೂತಳು. "ಹಾಗಲ್ಲ, ಇಷ್ಟು ಜೋರಾಗಿ ಅವನು ಕರೀತಿರಲಿಲ್ಲ. ಮೆಲ್ಲಗೆ" ಎಂದು ತಾನೂ ಕರೆದಳು. ಅವಳನ್ನು ನೋಡಿ ಅವನು ದನಿ ತಗ್ಗಿಸಿ ಮತ್ತೆ ಕರೆದ. ಬೇರೆ ದಿನವಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಪಾತ್ರೆ ಅಲ್ಲೇ ಇಟ್ಟು ಬಾಗಿಲಲ್ಲಿ ನಿಂತೆ.

ಇಬ್ಬರೂ ಸೇರಿ ಬಹಳ ಹೊತ್ತು ಕರೆದರು. ಲಿಲ್ಲಿ ಕಪ್ಯಾರನ ಗೂಡಿನ ಕಡೆಗೆ ಮುಖ ಮಾಡಿಕೊಂಡು ನಿಂತೇ ಇದ್ದಳು.